ಹಾನ್ ಟೀಚರ್ ವಿಳಾಸ

ಕಲ್ಯಾಣಿ ದೇಸಾಯಿಗೆ ಮಾತು ಅಂದರೆ ಊಟಕ್ಕಿಂತ ಹೆಚ್ಚು. ಧಾರವಾಡದ ಮಾಳಮಡ್ಡಿಯಿಂದ ಮದುವೆಯಾಗಿ ಲಂಡನ್ನಿನ ಟೂಟಿಂಗಿಗೆ ಬಂದು ಇಪ್ಪತ್ತೆರಡು ವರ್ಷ ಕಳೆದಿದ್ದವು. ಆದರೂ ಎದುರಿಗೆ ಯಾರೇ ಬರಲಿ, ಐದು ನಿಮಿಷದಲ್ಲಿ ಅವರ ಊರು, ಮಕ್ಕಳು, ಮೊಣಕಾಲು ನೋವು ಎಲ್ಲವನ್ನೂ ಕೇಳಿ ತಿಳಿದು, ತನ್ನದನ್ನೂ ಅಷ್ಟೇ ಧಾರಾಳವಾಗಿ ಹೇಳಿ ಮುಗಿಸುತ್ತಿದ್ದಳು. ಅವಳು ಕೌಂಟರಿನಲ್ಲಿ ನಿಲ್ಲುತ್ತಿದ್ದ ದಿನಸಿ ಅಂಗಡಿಗೆ ಅರ್ಧ ಗಿರಾಕಿಗಳು ಬರುತ್ತಿದ್ದದ್ದೇ ಅದಕ್ಕೆ.

“ನಿನ್ನ ಬಾಯಿಗೆ ಒಂದು ಚಿಲಕಾ ಹಾಕಸಬೇಕು ನೋಡು,” ಎಂದು ಗಂಡ ಮಧುಸೂದನ್ ನಗುತ್ತಿದ್ದ. ಟ್ಯೂಬ್ ರೈಲಿನ ಸಿಗ್ನಲ್ ವಿಭಾಗದಲ್ಲಿ ಕೆಲಸ ಅವನದು. ಅವನ ಪಾಲಿನ ಮಾತನ್ನೂ ಹೆಂಡತಿಯೇ ಆಡುತ್ತಾಳೆ ಎಂದು ಗೊತ್ತಿದ್ದವರು ಚೇಷ್ಟೆ ಮಾಡುತ್ತಿದ್ದರು.

ಮಗಳು ವಂದನಾ ಓದಲಿಕ್ಕೆಂದು ಅಕ್ಸ್‌ಬ್ರಿಡ್ಜಿಗೆ ಹೋದ ಮೇಲೆ ಮಹಡಿಯ ಕೋಣೆ ಖಾಲಿ ಬಿದ್ದಿತ್ತು. 1999ರ ಮಾರ್ಚ್‌ನಲ್ಲಿ ಆ ಕೋಣೆಗೆ ಬಾಡಿಗೆಗೆ ಬಂದವಳು ಫಾಂಗ್ ರುಯ್. ವಯಸ್ಸು ನಲವತ್ತೊಂದು. ಬೀಜಿಂಗಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು, ಇಲ್ಲಿ ವೃದ್ಧಾಶ್ರಮವೊಂದರಲ್ಲಿ ಮುದುಕರ ಸೇವೆ ಮಾಡುತ್ತಿದ್ದಳು. ಒಂದು ಸೂಟ್‌ಕೇಸು, ಒಂದು ಜೊತೆ ಚಪ್ಪಲಿ, ಹಸಿರು ರಟ್ಟಿನ ಒಂದು ದಪ್ಪ ಪುಸ್ತಕ, ಇಷ್ಟೇ ಅವಳ ಸಾಮಾನು.

ಮೊದಲ ಎರಡು ವಾರ ಅವಳು ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೆಯ ವಾರ ಒಂದು ಸಂಜೆ ಕಲ್ಯಾಣಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಆ ಸದ್ದಿಗೆ ಇಳಿದು ಬಂದು ಬಾಗಿಲಲ್ಲಿ ನಿಂತಳು. ಪರಾತಿನಲ್ಲಿದ್ದ ಜೋಳದ ಹಿಟ್ಟನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ, “ಗಾವ್‌ಲ್ಯಾಂಗ್,” ಎಂದಳು. ಅವಳ ಅಜ್ಜಿಯ ಊರಿನಲ್ಲೂ ಇದೇ ಧಾನ್ಯವಂತೆ. ಅವಳು ಎರಡು ವರ್ಷದವಳಿದ್ದಾಗ ಚೀನಾದಲ್ಲಿ ದೊಡ್ಡ ಹಸಿವು ಬಂದು, ಜೋಳ ಮುಗಿದು, ಅದರ ಹೊಟ್ಟನ್ನೂ ಕುದಿಸಿ ತಿಂದರಂತೆ. “ನನ್ನ ಅಕ್ಕ ಉಳಿಯಲಿಲ್ಲ,” ಎಂದಳು. ಕಲ್ಯಾಣಿ ಏನೂ ಕೇಳದೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಚ್ಚಿ ಅವಳ ಕೈಗೆ ಕೊಟ್ಟಳು. ಅಂದಿನಿಂದ ಫಾಂಗ್ ರುಯ್ ಅವಳನ್ನು ‘ದಾಜ್ಯೆ’ ಎಂದು ಕರೆಯತೊಡಗಿದಳು. ದಾಜ್ಯೆ ಅಂದರೆ ಅಕ್ಕ. ಇಬ್ಬರಿಗೂ ಹಾಗೂ ಹೀಗೂ ಬರುತ್ತಿದ್ದ ಇಂಗ್ಲಿಷಿನಲ್ಲೇ ಅವರ ಮಾತುಕತೆ ನಡೆಯುತ್ತಿತ್ತು.

ಹಸಿರು ಪುಸ್ತಕದ ಸಂಗತಿ ಕಲ್ಯಾಣಿಗೆ ತಿಳಿದದ್ದು ಮೇ ತಿಂಗಳಲ್ಲಿ. ಹತ್ತು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ವಿದ್ಯಾರ್ಥಿಗಳ ಚಳವಳಿ ಹತ್ತಿಕ್ಕಲು ಬೀಜಿಂಗಿನ ಬೀದಿಗಳಿಗೆ ಸೈನ್ಯದ ಟ್ಯಾಂಕುಗಳು ಬಂದಾಗ ಫಾಂಗ್ ರುಯ್ ಡ್ಯೂಟಿಯಲ್ಲಿದ್ದಳು. ಗುಂಡು ತಗುಲಿದವರನ್ನು ಸೈಕಲ್ ಗಾಡಿಗಳ ಮೇಲೆ, ಕಿತ್ತ ಬಾಗಿಲುಗಳ ಮೇಲೆ ಹೊತ್ತು ತರುತ್ತಿದ್ದರು. ಸತ್ತವರ ಜೇಬಿನಲ್ಲಿ ಸಿಕ್ಕ ಹೆಸರುಗಳನ್ನು ಅವಳು ರೋಗಿಗಳ ಜ್ವರ ಗುರುತು ಹಾಕುವ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡಳು. ಬೆಳಗಾದ ಮೇಲೆ ಆಸ್ಪತ್ರೆಯ ದಾಖಲೆಯೇ ಕಾಣೆಯಾಯಿತು. ಯಾರೂ ಸತ್ತಿಲ್ಲ ಎಂದು ಹೇಳುವವರು ಹುಟ್ಟಿಕೊಂಡರು. ಅವಳ ಚೀಟಿ ಮಾತ್ರ ಉಳಿಯಿತು. ಮುಂದೆ ಅವಳು ದೇಶ ಬಿಟ್ಟಳು. ಆದರೆ ಮಗನನ್ನು ಕಳೆದುಕೊಂಡ ಹಾನ್ ಎಂಬ ನಿವೃತ್ತ ಶಾಲಾ ಶಿಕ್ಷಕಿ ಬೀಜಿಂಗಿನಲ್ಲೇ ಇದ್ದು, ಮನೆ ಮನೆಗೆ ಹೋಗಿ ಸತ್ತವರ ತಾಯಂದಿರನ್ನು ಹುಡುಕಿ, ಗುಟ್ಟಾಗಿ ಹೆಸರು ಕೂಡಿಸುತ್ತಿದ್ದಳು. ಪ್ರತಿ ಭಾನುವಾರ ಫಾಂಗ್ ರುಯ್ ಫೋನ್ ಮಾಡುವಳು. ಹಾನ್ ಟೀಚರ್ ಹವಾಮಾನದ ಮಾತಿನ ನಡುವೆ ಒಂದೆರಡು ಹೆಸರು ಸೇರಿಸಿ ಹೇಳುವಳು. ಅವನ್ನು ಬರೆದುಕೊಂಡಂತೆ ಹಸಿರು ಪುಸ್ತಕ ತುಂಬುತ್ತ ಬಂದಿತ್ತು.

“ದಾಜ್ಯೆ, ಒಂದು ಉಪಕಾರ,” ಎಂದಳು ಫಾಂಗ್ ರುಯ್. “ಟೀಚರಿಗೆ ಮೊಣಕಾಲು ನೋವು. ಮುಲಾಮು, ಉಣ್ಣೆಯ ಕಾಲುಚೀಲ ಕಳಿಸಬೇಕು. ನನ್ನ ಹೆಸರು ಪಾರ್ಸೆಲ್ ಮೇಲೆ ಇರಬಾರದು. ನಿಮ್ಮ ಹೆಸರು ಹಾಕಬಹುದೇ?”

ಅದರಲ್ಲೇನು ಎಂದು ಕಲ್ಯಾಣಿ ಒಪ್ಪಿದಳು. ವಿಳಾಸದ ಚೀಟಿ ಅವಳ ಅಡುಗೆಮನೆಯ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡು ಬೆಂಕಿಪೊಟ್ಟಣಗಳ ನಡುವೆ ಇರುತ್ತಿತ್ತು.

ಜೂನ್ ತಿಂಗಳಿಂದ ಮನೆಯ ಫೋನು ಸುಮ್ಮನೆ ಬಡಿದುಕೊಳ್ಳತೊಡಗಿತು. ಎತ್ತಿದರೆ ಯಾರೂ ಮಾತಾಡುತ್ತಿರಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. “ಯಾರೋ ಹುಡುಗರ ಕಿತಾಪತಿ,” ಎಂದ ಮಧುಸೂದನ್. ಫಾಂಗ್ ರುಯ್ ಮಾತ್ರ ಅಂಥ ಫೋನು ಬಂದಾಗಲೆಲ್ಲ ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಿದ್ದಳು.

ಟಾಂಗ್ ಎಂಬಾತ ಅಂಗಡಿಗೆ ಬರತೊಡಗಿದ್ದೂ ಅದೇ ತಿಂಗಳು. ಐವತ್ತರ ಆಸುಪಾಸಿನ, ಬೂದು ಕೋಟಿನ, ಮೆಲುದನಿಯ ಮನುಷ್ಯ. ಮೊದಲ ದಿನವೇ ಒಂದು ಕೇಜಿ ಜೋಳದ ಹಿಟ್ಟು ಕೇಳಿದ. ಚೀನಾದವರು ಯಾರೂ ಆ ಅಂಗಡಿಯಲ್ಲಿ ಜೋಳದ ಹಿಟ್ಟು ಕೊಂಡದ್ದಿರಲಿಲ್ಲ. “ನಮ್ಮ ತಾಯಿ ಇದರ ರೊಟ್ಟಿ ಮಾಡುತ್ತಿದ್ದಳು,” ಎಂದ. ಕಲ್ಯಾಣಿಗೆ ಅಷ್ಟು ಸಾಕಾಯಿತು. ನಮ್ಮ ಮನೆಯಲ್ಲೂ ನಿಮ್ಮ ಊರಿನವಳೊಬ್ಬಳಿದ್ದಾಳೆ, ಅವಳಿಗೂ ಇದೇ ಪ್ರೀತಿ ಎಂದಳು. ಹೌದೇ ಎಂದು ಅವನು ಅಚ್ಚರಿಪಟ್ಟ. ವಾರಕ್ಕೊಮ್ಮೆ ಬರತೊಡಗಿದ. ಊರಿನವರ ಸಂಘವೊಂದಿದೆ, ಒಂಟಿಯಾಗಿರುವ ಚೀನೀಯರಿಗೆ ಸಹಾಯ ಮಾಡುತ್ತದೆ ಎಂದ. ನಮ್ಮ ಕನ್ನಡ ಬಳಗದಂಥದ್ದು ಎಂದುಕೊಂಡಳು ಕಲ್ಯಾಣಿ. ಹುಬ್ಬಳ್ಳಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆ ಇಟ್ಟಿದ್ದ ತನ್ನ ತಮ್ಮ ಶೇಷಾದ್ರಿ ಯಂತ್ರ ನೋಡಲಿಕ್ಕೆ ಗ್ವಾಂಗ್‌ಝೌನ ವ್ಯಾಪಾರ ಮೇಳಕ್ಕೆ ಹೋಗುವವನಿದ್ದಾನೆ ಎಂಬುದನ್ನೂ ಹೇಳಿದಳು. “ಬಹಳ ಒಳ್ಳೆಯದು, ನಮ್ಮಿಂದ ಏನಾದರೂ ನೆರವು ಬೇಕಾದರೆ ಹೇಳಿ,” ಎಂದ ಟಾಂಗ್.

ಆಗಸ್ಟ್ ಕೊನೆಯಲ್ಲಿ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಟಾಂಗ್ ಕೌಂಟರಿನ ಮೇಲೆ ಎರಡೂ ಕೈ ಊರಿ, ಫಾಂಗ್ ರುಯ್ ಮನೆಯವರಿಗೆಲ್ಲ ಆರೋಗ್ಯವೇ ಎಂದು ವಿಚಾರಿಸಿದ. ಅವಳಿಗೆ ಯಾರೂ ಇಲ್ಲ, ಬೀಜಿಂಗಿನಲ್ಲಿ ಒಬ್ಬ ವಯಸ್ಸಾದ ಟೀಚರ್ ಇದ್ದಾಳೆ, ಮೊಣಕಾಲು ನೋವಿನಿಂದ ಮೆಟ್ಟಿಲು ಇಳಿಯಲಾಗುವುದಿಲ್ಲ ಎಂದಳು ಕಲ್ಯಾಣಿ.

“ಅಯ್ಯೋ ಪಾಪ. ನಮ್ಮ ಸಂಘದ ಡಾಕ್ಟರೊಬ್ಬರು ಮುಂದಿನ ವಾರ ಬೀಜಿಂಗಿಗೆ ಹೋಗುತ್ತಾರೆ. ಮನೆಗೇ ಹೋಗಿ ನೋಡಬಹುದು. ಮಿಸ್ ಫಾಂಗ್ ಸಂಕೋಚದವರು, ಕೇಳಿದರೆ ಬೇಡ ಎನ್ನುತ್ತಾರೆ. ನಿಮ್ಮ ಹತ್ತಿರ ವಿಳಾಸ ಇದೆಯೇ?”

ಪಾರ್ಸೆಲ್ ಕಳಿಸುವ ದಿನವಾದ್ದರಿಂದ ಚೀಟಿ ಅವಳ ಪರ್ಸಿನಲ್ಲೇ ಇತ್ತು. ತೆಗೆದು ತೋರಿಸಿದಳು. ಅವನು ಅದನ್ನು ಬರೆದುಕೊಳ್ಳಲಿಲ್ಲ. ಒಮ್ಮೆ ಓದಿ, ಮಡಚಿ, ಎರಡು ಕೈಯಲ್ಲಿ ಹಿಡಿದು ಮರಳಿ ಕೊಟ್ಟ. ಆ ದಿನ ಹಿಟ್ಟು ಕೊಳ್ಳದೇ ಹೋದ.

ಸೆಪ್ಟೆಂಬರ್ ಮೊದಲ ಭಾನುವಾರ ಬೀಜಿಂಗಿನ ಫೋನನ್ನು ಯಾರೂ ಎತ್ತಲಿಲ್ಲ. ಮರುವಾರ ಒಬ್ಬ ಗಂಡಸು ಎತ್ತಿ, ಯಾರು ಮಾತಾಡುವುದು ಎಂದು ಕೇಳಿದ. ಫಾಂಗ್ ರುಯ್ ಇಟ್ಟುಬಿಟ್ಟಳು. ಕಲ್ಯಾಣಿ ಕಳಿಸಿದ್ದ ಪಾರ್ಸೆಲ್ ಬಿಚ್ಚಿ ಮತ್ತೆ ಅಂಟಿಸಿದ ಗುರುತಿನೊಂದಿಗೆ ವಾಪಸು ಬಂತು. ಕಾಲುಚೀಲಗಳನ್ನು ಒಳಮೈ ಹೊರಗೆ ಮಾಡಿ ಇಟ್ಟಿದ್ದರು. ಕೊನೆಗೆ ಗೆಳತಿಯೊಬ್ಬಳ ಮೂಲಕ ಸುದ್ದಿ ಬಂತು: ಡಾಕ್ಟರ್ ಬಂದಿದ್ದಾರೆ ಎಂದು ಯಾರೋ ಬಾಗಿಲು ಬಡಿದರಂತೆ. ಹಾನ್ ಟೀಚರ್ ಬಾಗಿಲು ತೆಗೆದಳಂತೆ. ಐದು ಮಂದಿ ಒಳಗೆ ಬಂದು, ಮನೆ ಜಾಲಾಡಿ, ಅವಳನ್ನು ಕರೆದೊಯ್ದರಂತೆ.

ಡಾಕ್ಟರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಕಲ್ಯಾಣಿಗೆ ಟಾಂಗ್ ಹೇಳಿದ್ದು ನೆನಪಾಯಿತು. ಆ ಸಂಜೆ ಗಂಡ ಬರುವ ತನಕ ಅವಳು ಲೈಟ್ ಹಾಕದೆ ಕೂತಿದ್ದಳು.

“ರೀ, ನಾ ಒಂದು ಘಾತಾ ಮಾಡೇನಿ.”

ಮಧುಸೂದನ್ ಎಲ್ಲ ಕೇಳಿದ. ಬಹಳ ಹೊತ್ತು ಬೂಟಿನ ಲೇಸು ಬಿಚ್ಚುತ್ತಲೇ ಇದ್ದ. “ಅಕಿಗೆ ಹೇಳಿದೇನು?”

“ಹೆಂಗ ಹೇಳ್ಲಿ? ಯಾವ ಬಾಯಿಲೆ ಹೇಳ್ಲಿ?”

“ವಿಳಾಸಾ ಕೊಟ್ಟ ಬಾಯಿಲೆನ ಹೇಳಬೇಕು,” ಎಂದ ಅವನು. “ಇವತ್ತ ಹೇಳು. ನಾಳಿಗಂದ್ರ ನಿನಗ ಧೈರ್ಯ ಆಗೂದಿಲ್ಲ.”

ಮಹಡಿಯ ಮೆಟ್ಟಿಲು ಹತ್ತುವಾಗ ಕಲ್ಯಾಣಿಗೆ ಹದಿಮೂರು ಮೆಟ್ಟಿಲು ಮೂವತ್ತಾದಂತೆ ಅನಿಸಿತು. ನಿಂತೇ ಹೇಳಿದಳು. ಅಂಗಡಿ, ಟಾಂಗ್, ಜೋಳದ ಹಿಟ್ಟು, ಚೀಟಿ, ಒಂದನ್ನೂ ಬಿಡಲಿಲ್ಲ. ಫಾಂಗ್ ರುಯ್ ಮಂಚದ ಅಂಚಿನಲ್ಲಿ ಕೂತು ಕೇಳಿದಳು. ಬೈಯಲಿಲ್ಲ, ಅಳಲಿಲ್ಲ. ಕೊನೆಗೆ, “ದಯವಿಟ್ಟು ಬಾಗಿಲು ಹಾಕಿಕೊಂಡು ಹೋಗಿ,” ಎಂದಳು. ದಾಜ್ಯೆ ಎನ್ನಲಿಲ್ಲ.

ಮೂರು ದಿನ ಅವಳು ಅಡುಗೆಮನೆಗೆ ಬರಲಿಲ್ಲ. ನಾಲ್ಕನೆಯ ದಿನ ಸಂಜೆ ಹಸಿರು ಪುಸ್ತಕ ಹಿಡಿದು ಇಳಿದು ಬಂದು ಊಟದ ಮೇಜಿನ ಮೇಲಿಟ್ಟಳು.

“ಇದನ್ನು ಅವರು ಹುಡುಕುತ್ತಾರೆ. ಸತ್ತವರದು ಮಾತ್ರವಲ್ಲ, ಹೆಸರು ಹೇಳಿದ ತಾಯಂದಿರದೂ ಇದರಲ್ಲಿದೆ. ಜೆರಾಕ್ಸ್ ಮಾಡಿದರೆ ಅವರು ಓದಬಲ್ಲ ಪುಸ್ತಕ ಎರಡಾಗುತ್ತವೆ.” ಆಮೇಲೆ ಕೇಳಿದಳು. “ನೀವು ಮನೆಗೆ ಪತ್ರ ಬರೆಯುವ ದುಂಡು ಅಕ್ಷರ, ಅದು ಎಷ್ಟು ಜನರಿಗೆ ಬರುತ್ತದೆ?”

“ನಾಲ್ಕೈದು ಕೋಟಿ ಜನರಿಗೆ.”

“ಬೀಜಿಂಗಿನಲ್ಲಿ?”

ಕಲ್ಯಾಣಿ ಎದ್ದು ಹೋಗಿ ವಂದನಾಳ ಹಳೆಯ ಸ್ಕೂಲ್ ನೋಟ್‌ಬುಕ್ಕೊಂದನ್ನು ತಂದಳು.

ಒಂಬತ್ತು ಸಂಜೆ ಅವರು ಬರೆದರು. ಒಂದೊಂದೇ ಹೆಸರನ್ನು ಫಾಂಗ್ ರುಯ್ ಓದುವಳು, ಕಲ್ಯಾಣಿ ಕನ್ನಡದಲ್ಲಿ ಬರೆಯುವಳು. ಚೀನೀ ಭಾಷೆಯಲ್ಲಿ ದನಿ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಅದನ್ನು ಹೇಗೆ ಗುರುತಿಸುವುದು ಎಂದು ತಲೆ ಕೆಡಿಸಿಕೊಂಡಾಗ ಕಲ್ಯಾಣಿಗೆ ಅಪ್ಪನ ವೇದದ ಪುಸ್ತಕ ನೆನಪಾಯಿತು. ಅದರಲ್ಲಿ ಸ್ವರ ತಪ್ಪದಿರಲೆಂದು ಅಕ್ಷರದ ಮೇಲೊಂದು ನೆಟ್ಟಗೆರೆ, ಕೆಳಗೊಂದು ಅಡ್ಡಗೆರೆ ಇರುತ್ತಿತ್ತು. ಹಾಗೆಯೇ ಗೆರೆ ಹಾಕಿದಳು. ಒಂದೇ ದನಿಯ ಅಕ್ಷರಗಳು ಹತ್ತಾರು ಇರುವುದರಿಂದ ಅರ್ಥವನ್ನೂ ಪಕ್ಕಕ್ಕೆ ಬರೆದಳು: ಲಿ, ಹಣ್ಣಿನ ಮರದ ಲಿ. ಮಿಂಗ್, ಬೆಳಕಿನ ಮಿಂಗ್. ವಯಸ್ಸು ಹದಿನೇಳು. ಎಡಗಣ್ಣಿನ ಕೆಳಗೆ ಗುಂಡು. ಅಂಗಿ ಬಿಳಿಯದು, ತಾಯಿ ಹೊಲಿದದ್ದು. ಕೆಲವು ಸಂಜೆ ಪೆನ್ನು ಕೆಳಗಿಟ್ಟು ಕಲ್ಯಾಣಿ ಹಿತ್ತಲಿಗೆ ಹೋಗಿ ನಿಂತು ಬರುತ್ತಿದ್ದಳು. ಒಟ್ಟು ನೂರ ಎಂಬತ್ತೇಳು ಹೆಸರು. ಮುಗಿದ ಮೇಲೆ ಆ ನೋಟ್‌ಬುಕ್ಕನ್ನು ದೇವರ ಗೂಡಿನಲ್ಲಿ ಸ್ತೋತ್ರದ ಪುಸ್ತಕಗಳ ನಡುವೆ ಸಿಕ್ಕಿಸಿದಳು.

ಅಕ್ಟೋಬರ್ ಮೊದಲ ಶನಿವಾರ ಮಧ್ಯಾಹ್ನ ಬಾಗಿಲ ಗಂಟೆ ಬಾರಿಸಿತು. ಮಧುಸೂದನ್ ಕೆಲಸಕ್ಕೆ ಹೋಗಿದ್ದ, ಫಾಂಗ್ ರುಯ್ ಕೂಡ. ಟಾಂಗ್ ಕೈಯಲ್ಲಿ ಕೆಂಪು ಡಬ್ಬಿ ಹಿಡಿದು ನಿಂತಿದ್ದ. ತಮ್ಮ ಹುಣ್ಣಿಮೆ ಹಬ್ಬದ ಸಿಹಿ ಎಂದ. ಮನೆಯ ವಿಳಾಸವನ್ನು ಕಲ್ಯಾಣಿ ಅವನಿಗೆ ಎಂದೂ ಕೊಟ್ಟಿರಲಿಲ್ಲ.

ಕರೆಯುವ ಮೊದಲೇ ಅವನು ಒಳಗೆ ಬಂದು ಸೋಫಾದ ಮೇಲೆ ಕೂತ. ವಂದನಾಳ ಫೋಟೊ ನೋಡಿ, “ಅಕ್ಸ್‌ಬ್ರಿಡ್ಜ್ ದೂರವಾಯಿತು, ಪಾಪ,” ಎಂದ.

“ಹಾನ್ ಟೀಚರನ್ನ ಏನು ಮಾಡಿದಿರಿ?” ಕಲ್ಯಾಣಿ ಕೇಳಿದಳು.

“ನಾನೇ? ನಾನು ಸಂಘದವನು ಅಷ್ಟೆ.” ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. “ಈ ತಿಂಗಳು ನಮ್ಮ ದೇಶದ ಅಧ್ಯಕ್ಷರು ನಿಮ್ಮ ರಾಣಿಯ ಅತಿಥಿಯಾಗಿ ಬರುತ್ತಾರೆ. ಎಲ್ಲ ಸುಸೂತ್ರವಾಗಲಿ ಎಂದು ಎಲ್ಲರ ಆಸೆ. ಮಿಸ್ ಫಾಂಗ್ ಹತ್ತಿರ ಹಸಿರು ಪುಸ್ತಕವಿದೆ. ನೀವು ಅದನ್ನು ಮುಟ್ಟಬೇಕಾಗಿಲ್ಲ. ಯಾವತ್ತಾದರೂ ಒಂದು ದಿನ ಹಿತ್ತಲ ಬಾಗಿಲ ಚಿಲಕ ಹಾಕುವುದು ಮರೆತರೂ ಸಾಕು.”

“ಎದ್ದು ನಡೀರಿ.”

ಅವನು ಎದ್ದ. ಕೋಟಿನ ಗುಂಡಿ ಹಾಕಿಕೊಂಡ. “ನಿಮ್ಮ ತಮ್ಮ ಹದಿನಾಲ್ಕಕ್ಕೆ ಹೊರಡುತ್ತಾರಲ್ಲವೇ? ಗ್ವಾಂಗ್‌ಝೌ ದೊಡ್ಡ ಊರು. ಹೊಸಬರು ದಾರಿ ತಪ್ಪುತ್ತಾರೆ. ನಾವು ನೋಡಿಕೊಳ್ಳುತ್ತೇವೆ, ಚಿಂತೆ ಬೇಡ.”

ಹದಿನಾಲ್ಕನೆಯ ತಾರೀಖು ಎಂಬುದು ಕಲ್ಯಾಣಿಗೇ ಗೊತ್ತಿರಲಿಲ್ಲ. ಅವನು ಹೋದ ಮೇಲೆ ಹುಬ್ಬಳ್ಳಿಗೆ ಫೋನ್ ಹಚ್ಚಿ ಕೇಳಿದರೆ, ಟಿಕೆಟ್ಟು ಅದೇ ದಿನದ್ದು.

“ಹೋಗಬ್ಯಾಡೋ ಶೇಷಾ. ನಿನ್ನ ಕೈ ಮುಗೀತೀನಿ.”

“ಏ ಅಕ್ಕಾ, ತಲಿ ಗಿಲಿ ಕೆಟ್ಟದೇನು ನಿನಗ? ವೀಸಾ ಆಗೇದ, ರೊಕ್ಕಾ ಕಟ್ಟೇನಿ. ಯಾವನೋ ಅಂಗಡಿ ಗಿರಾಕಿ ಏನೋ ಅಂದ್ರ ನಾ ಧಂದೆ ಬಿಡ್ಲೇನು?” ಶೇಷಾದ್ರಿ ನಕ್ಕುಬಿಟ್ಟ.

ಕಲ್ಯಾಣಿ ಎರಡು ದಿನ ಅನ್ನ ಮುಟ್ಟಲಿಲ್ಲ. ಒಂದು ಕಡೆ ಒಡಹುಟ್ಟಿದವನು, ಇನ್ನೊಂದು ಕಡೆ ಮುಖ ನೋಡದ ನೂರ ಎಂಬತ್ತೇಳು ಮಂದಿ ಮತ್ತು ಅವರ ತಾಯಂದಿರು. ಚಿಲಕ ಹಾಕುವಾಗೆಲ್ಲ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಆದರೂ ಹಾಕಿದಳು. ಪ್ರತಿದಿನ ಹಾಕಿದಳು. ಟಾಂಗ್ ಬಂದಿದ್ದನ್ನು ಫಾಂಗ್ ರುಯ್‌ಗೆ ಅವತ್ತೇ ಹೇಳಿದ್ದಳು. ಫಾಂಗ್ ರುಯ್ ಪುಸ್ತಕವನ್ನು ಕಾರ್ಪೆಟ್ಟಿನ ಕೆಳಗಿನ ಹಲಗೆ ಎತ್ತಿ ಅದರಡಿ ಇಟ್ಟಳು.

ದಸರೆಯ ವಾರ ಕನ್ನಡದವರ ಕೂಟವಿತ್ತು. ಮೈಸೂರಿನವರು, ಮಂಗಳೂರಿನವರು ಎಲ್ಲ ಸೇರುವಂಥದ್ದು. ಫಾಂಗ್ ರುಯ್ ಡ್ಯೂಟಿಗೆ ಹೋಗಿದ್ದಳು. ಗಂಡ ಹೆಂಡತಿ ಇಬ್ಬರೂ ಮಧ್ಯಾಹ್ನದ ಊಟಕ್ಕೆ ಹೋಗಿ ನಾಲ್ಕು ಗಂಟೆಗೆ ಮರಳಿದರು. ಹಿತ್ತಲ ಬಾಗಿಲ ಗಾಜನ್ನು ಚಿಲಕದ ಪಕ್ಕದಲ್ಲಿ ದುಂಡಗೆ ಕತ್ತರಿಸಿದ್ದರು. ಕತ್ತರಿಸಿದ ಗಾಜನ್ನು ಒಡೆಯದಂತೆ ಸಿಂಕಿನ ಪಕ್ಕ ಇಟ್ಟಿದ್ದರು. ಟಿವಿ ಇತ್ತು. ಕನ್ನಡಿಯ ಮುಂದೆ ಕಲ್ಯಾಣಿ ಬಿಚ್ಚಿಟ್ಟಿದ್ದ ಬಂಗಾರದ ಬಳೆ ಇದ್ದವು. ಮಹಡಿಯ ಕೋಣೆಯಲ್ಲಿ ಹಲಗೆ ಎದ್ದಿತ್ತು, ಕೆಳಗೆ ಬರಿದು. ಫಾಂಗ್ ರುಯ್‌ಳ ಹಾಸಿಗೆಯನ್ನು ಕಿತ್ತು ನೋಡಿ, ಮತ್ತೆ ಅಚ್ಚುಕಟ್ಟಾಗಿ ಹಾಸಿದ್ದರು. ಅದೇ ಕಲ್ಯಾಣಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

ದೇವರ ಗೂಡಿಗೆ ಓಡಿದಳು. ಸ್ತೋತ್ರದ ಪುಸ್ತಕಗಳು ಅದಲುಬದಲಾಗಿದ್ದವು. ನೋಟ್‌ಬುಕ್ ತಲೆಕೆಳಗಾಗಿ ಕೂತಿತ್ತು. ಯಾರೋ ತೆರೆದು ನೋಡಿ ಬಿಟ್ಟು ಹೋಗಿದ್ದರು.

ಪೊಲೀಸಿನವನು ಬಂದು ಬರೆದುಕೊಂಡ. “ಹೋದದ್ದು ಒಂದು ಹಸಿರು ಪುಸ್ತಕ ಮಾತ್ರವೇ?” ಎಂದು ಎರಡು ಸಲ ಕೇಳಿದ.

ಫಾಂಗ್ ರುಯ್ ಮರುದಿನವೇ ಸೂಟ್‌ಕೇಸು ಕಟ್ಟಿದಳು. “ಎಲ್ಲಿಗೆ ಎಂದು ಕೇಳಬೇಡಿ. ನಿಮಗೆ ಗೊತ್ತಿಲ್ಲದಿದ್ದರೆ ನೀವು ಹೇಳುವಂತಿಲ್ಲ.” ಅವಳು ಚುಚ್ಚಲು ಆಡಿದ ಮಾತಲ್ಲ. ಆದರೂ ಕಲ್ಯಾಣಿಗೆ ಚುಚ್ಚಿತು. ನೋಟ್‌ಬುಕ್ಕನ್ನು ಕೊಡಲು ಹೋದರೆ ಬೇಡ ಎಂದಳು. “ನನ್ನ ಹತ್ತಿರ ಹುಡುಕುತ್ತಾರೆ. ನಿಮ್ಮಲ್ಲೇ ಇರಲಿ.”

ತಿಂಗಳ ಕೊನೆಗೆ ಶೇಷಾದ್ರಿಯ ಫೋನ್ ಬಂತು. ಹುಬ್ಬಳ್ಳಿಗೆ ಕ್ಷೇಮವಾಗಿ ಮುಟ್ಟಿದ್ದ.

“ಏನ್ ಮಂದೀ ಅಂತೀ ಅಕ್ಕಾ! ಮೂರನೇ ದಿನಾ ಹೊಟೇಲಿಗೆ ಒಬ್ಬಾಂವ ಬಂದಿದ್ದಾ. ನಿಮ್ಮ ಅಕ್ಕಾವ್ರು ಆರಾಮ ಇದ್ದಾರ? ಅವರ ಹಿತ್ತಲ ಬಾಗಿಲಾ ರಿಪೇರಿ ಆತ? ಅಂತ ಕೇಳಿದಾ. ನೀ ಯಾವಾಗ ಇಷ್ಟ ದೊಡ್ಡಮಂದಿ ಪರಿಚಯ ಮಾಡ್ಕೊಂಡಿ?”

ಹಿತ್ತಲ ಬಾಗಿಲಿನ ಸಂಗತಿಯನ್ನು ಅವಳು ತಮ್ಮನಿಗೆ ಹೇಳಿರಲಿಲ್ಲ. “ಇನ್ನ ಆ ಕಡೆ ಹೋಗಬ್ಯಾಡ,” ಎಂದಷ್ಟೇ ಹೇಳಿ ಫೋನಿಟ್ಟಳು. ಆಮೇಲೆ ಅಂಗಡಿಯಲ್ಲಿ ಅವಳ ಮಾತು ಕಡಿಮೆಯಾಯಿತು. ಗಿರಾಕಿಗಳು ಊರು ಕೇರಿ ಕೇಳಿದರೆ ನಗುತ್ತಿದ್ದಳು, ಅಷ್ಟೆ. ಟಾಂಗ್ ಮತ್ತೆ ಬರಲಿಲ್ಲ. ಆದರೆ ಬಾಗಿಲ ಗಂಟೆ ಅಲುಗಿದಾಗಲೆಲ್ಲ ಅವಳು ಮೊದಲು ನೋಡುತ್ತಿದ್ದದ್ದು ಬಂದವರ ಕೋಟನ್ನು.

ಮುಂದಿನ ವರ್ಷ ಫೆಬ್ರುವರಿಯಲ್ಲಿ ವಂದನಾ ಫೋನ್ ಮಾಡಿದಳು. ಕ್ಯಾಂಪಸ್ಸಿನಲ್ಲಿ ಚೀನೀ ಹೆಂಗಸೊಬ್ಬಳು ಸಿಕ್ಕಿದ್ದಳಂತೆ. “ಅಮ್ಮಾ, ಶೀ ಸೇಸ್ ಬ್ರಿಂಗ್ ದ ಪ್ರೇಯರ್ ಬುಕ್.”

ದೇವರ ಗೂಡಿನ ನೋಟ್‌ಬುಕ್ ಹಿಡಿದು ನಾಲ್ಕು ಶನಿವಾರ ಕಲ್ಯಾಣಿ ಎರಡು ಸಲ ರೈಲು ಬದಲಿಸಿ ಅಕ್ಸ್‌ಬ್ರಿಡ್ಜಿಗೆ ಹೋದಳು. ವಂದನಾ ಹಿಡಿದಿಟ್ಟ ಓದುವ ಕೋಣೆಯಲ್ಲಿ ಫಾಂಗ್ ರುಯ್ ಮತ್ತು ಕಂಪ್ಯೂಟರ್ ಮುಂದೆ ಕನ್ನಡಕದ ಒಬ್ಬ ಚೀನೀ ಮುದುಕ ಇರುತ್ತಿದ್ದರು. ಕಲ್ಯಾಣಿ ಗೆರೆ ನೋಡಿ ದನಿ ಏರಿಸಿ ಇಳಿಸಿ ಓದುವಳು. ಫಾಂಗ್ ರುಯ್ ತಿದ್ದುವಳು. ಮುದುಕ ಚೀನೀ ಅಕ್ಷರ ಮೂಡಿಸುವನು. ತಾಯಂದಿರ ಹೆಸರುಗಳನ್ನು ಮಾತ್ರ ಅವರು ಕಂಪ್ಯೂಟರಿಗೆ ಹಾಕಲಿಲ್ಲ. ಕಳುವಾದ ಪುಸ್ತಕದಿಂದಾಗಿ ಆ ತಾಯಂದಿರಲ್ಲಿ ಹನ್ನೊಂದು ಜನರ ಮನೆಗೆ ಅದಾಗಲೇ ಪೊಲೀಸರು ಹೋಗಿ ಬಂದಿದ್ದರು.

ಮೂರನೆಯ ಶನಿವಾರ ನಡುವೆ ಚಹಾ ಕುಡಿಯುವಾಗ ಫಾಂಗ್ ರುಯ್ ತಾನಾಗಿಯೇ ಹೇಳಿದಳು. “ಟೀಚರಿಗೆ ಮೂರು ವರ್ಷ ದುಡಿಮೆ ಶಿಬಿರದ ಶಿಕ್ಷೆ ಆಗಿತ್ತು. ಆರೋಗ್ಯ ಕೆಟ್ಟಿತು, ಮೊನ್ನೆ ಮನೆಗೆ ಬಿಟ್ಟಿದ್ದಾರೆ. ನಡೆಯಲಾಗುವುದಿಲ್ಲ.”

ಕಲ್ಯಾಣಿ ಲೋಟ ಕೆಳಗಿಟ್ಟಳು. “ವಿಳಾಸ ಯಾರು ಕೊಟ್ಟದ್ದು ಎಂದು ಅವರಿಗೆ ಗೊತ್ತೇ?”

“ಹೇಳಿ ಕಳಿಸಿದೆ. ಮುಚ್ಚಿಡುವುದು ಸರಿಯಲ್ಲ.”

“ಏನಂದರು?”

ಫಾಂಗ್ ರುಯ್ ಕಿಟಕಿಯ ಆಚೆ ನೋಡಿದಳು. “ಏನೂ ಹೇಳಲಿಲ್ಲ.”

ಕಾರಿಡಾರಿನಲ್ಲಿ ಯಾರದೋ ಹೆಜ್ಜೆ ಸದ್ದು ಬಂತು. ಮೂವರೂ ಸುಮ್ಮನಾದರು. ಹೆಜ್ಜೆಗಳು ಬಾಗಿಲ ಹತ್ತಿರ ತುಸು ನಿಧಾನವಾಗಿ, ಮತ್ತೆ ಮುಂದೆ ಹೋದವು.

“ಓದಿ, ದಾಜ್ಯೆ,” ಎಂದಳು ಫಾಂಗ್ ರುಯ್. ಆರು ತಿಂಗಳ ಮೇಲೆ ಆ ಹೆಸರಿನಿಂದ ಕರೆದಿದ್ದಳು.

ಕಲ್ಯಾಣಿ ಕಣ್ಣೊರೆಸಿಕೊಂಡು ನೋಟ್‌ಬುಕ್ ಎಳೆದುಕೊಂಡಳು. ಬೆರಳನ್ನು ಸಾಲಿನ ಕೆಳಗಿಟ್ಟು, ದನಿ ತಗ್ಗಿಸಿ, ಮುಂದಿನ ಹೆಸರನ್ನು ಓದಿದಳು. ಸುನ್, ಮೊಮ್ಮಗನ ಸುನ್. ಹೈ, ಸಮುದ್ರದ ಹೈ. ವಯಸ್ಸು ಇಪ್ಪತ್ತೆರಡು, ಬಸ್ ಕಂಡಕ್ಟರ್.